ಮಳೆಗಾಲದ ದಾಸ್ತಾನನ್ನು ಶಿವರಾತ್ರಿಗೇ ಕಟ್ಟಬೇಕು

ಮಾನ್ಯ ಸಂಪಾದಕರೇ,

ಮಳೆಗಾಲದ ದಿನಸಿಯ ಬಗ್ಗೆ ಈ ಬಿಸಿಲಿನಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಪ್ರತಿ ವರ್ಷ ಆಗುಂಬೆ ಘಾಟಿಯಲ್ಲೋ ಬಾಳೆಬರೆ ಘಾಟಿಯಲ್ಲೋ ಮಣ್ಣು ಜರಿದು ವಾಹನ ನಿಂತ ಮೇಲೆ, 'ಹದಿನೈದು ದಿನಕ್ಕಾಗುವಷ್ಟು ಆಹಾರ ಮನೆಯಲ್ಲಿರಲಿ' ಎಂಬ ಸೂಚನೆ ಹೊರಡುತ್ತದೆ. ಆ ಹೊತ್ತಿಗೆ ಪೇಟೆಯಿಂದ ತಂದ ಅಕ್ಕಿ ಮೂಟೆಯಲ್ಲೇ ತಂಡಿ ಹೀರಿಕೊಂಡಿರುತ್ತದೆ. ಅದನ್ನು ತಂದು ಡ್ರಮ್ಮಿಗೆ ಸುರಿದು ಮುಚ್ಚಿದರೆ ಎರಡು ತಿಂಗಳಲ್ಲಿ ಹುಳು ಇಲ್ಲವೇ ಬೂಷ್ಟು ಖಂಡಿತ. ಮಲೆನಾಡಿನಲ್ಲಿ ದಾಸ್ತಾನು ಕಟ್ಟುವ ಕಾಲ ಶಿವರಾತ್ರಿಯಿಂದ ಯುಗಾದಿಯವರೆಗೆ. ಆಗ ಗಾಳಿ ಒಣಗಿರುತ್ತದೆ, ಡಿಸೆಂಬರ್-ಜನವರಿಯ ಹೊಸ ಅಕ್ಕಿಯ ಹಸಿಯೂ ಆರಿರುತ್ತದೆ. ಭರಣಿ ಮಳೆಯ ಮೊದಲ ಹನಿ ಬಿದ್ದ ಮೇಲೆ ಈ ಅನುಕೂಲ ಮತ್ತೆ ಸಿಗುವುದಿಲ್ಲ.

ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಕ್ಕಿ ಸುತ್ತಲಿನ ಗಾಳಿಯಿಂದ ತೇವ ಹೀರುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇ 75ರ ಆಸುಪಾಸಿನಲ್ಲಿದ್ದರೆ ಅಕ್ಕಿಯ ತೇವಾಂಶ ಶೇ 14ರ ಹತ್ತಿರ ನಿಲ್ಲುತ್ತದೆ. ಆರೆಂಟು ತಿಂಗಳು ಇಡುವ ಅಕ್ಕಿ ಅದಕ್ಕಿಂತ ಒಣಗಿರಬೇಕು, ಶೇ 12ರಿಂದ 13 ಇದ್ದರೆ ಒಳ್ಳೆಯದು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಸುರಿಯುವ ಆಗುಂಬೆಯ ಸೀಮೆಯಲ್ಲಿ ಜುಲೈ ಗಾಳಿ ಶೇ 90ಕ್ಕಿಂತ ಹಸಿಯಾಗಿರುವ ದಿನಗಳೇ ಹೆಚ್ಚು. ಆ ಗಾಳಿಗೆ ತೆರೆದ ಅಕ್ಕಿ ಶೇ 16 ದಾಟುತ್ತದೆ, ಅಲ್ಲಿಂದ ಮುಂದೆ ಬೂಷ್ಟಿನದೇ ರಾಜ್ಯ. ಅರೆಒಣಗಿದ ಅಡಿಕೆಯನ್ನು ಗೋಣಿಗೆ ತುಂಬಬಾರದು ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಕ್ಕಿಯ ವಿಚಾರದಲ್ಲಿ ಆ ಎಚ್ಚರ ಏಕೆ ತಪ್ಪುತ್ತದೋ ತಿಳಿಯದು.

ತೇವ ನೋಡಲು ಯಂತ್ರವೇ ಬೇಕೆಂದಿಲ್ಲ. ಪುಡಿಉಪ್ಪನ್ನು ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿ ಆರಿಸಿ. ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಅಕ್ಕಿ ಹಾಕಿ, ಎರಡು ಚಮಚ ಆ ಉಪ್ಪು ಸೇರಿಸಿ, ಮುಚ್ಚಳ ಬಿಗಿದು ಒಂದು ನಿಮಿಷ ಚೆನ್ನಾಗಿ ಕುಲುಕಿ ಕಾಲು ಗಂಟೆ ಬಿಡಿ. ಉಪ್ಪು ಬಾಟಲಿಯ ಒಳಮೈಗೆ ಅಂಟಿಕೊಂಡರೆ ಅಕ್ಕಿಯ ತೇವ ಶೇ 15ಕ್ಕಿಂತ ಮೇಲಿದೆ ಎಂದರ್ಥ. ಉಪ್ಪು ಅಂಟದಿದ್ದರೆ ಪರವಾಗಿಲ್ಲ ಎನ್ನಬಹುದು, ಆದರೂ ಒಮ್ಮೆ ಒಣಗಿಸಿಯೇ ತುಂಬುವುದು ಕ್ಷೇಮ. ಪಾಲಿಶ್ ಮಾಡಿದ ಅಕ್ಕಿಯನ್ನು ಮಧ್ಯಾಹ್ನದ ಸುಡುಬಿಸಿಲಿಗೆ ಹರಡಿದರೆ ಕಾಳು ಬಿರಿದು ನುಚ್ಚಾಗುತ್ತದೆ. ಬೆಳಗಿನ ಎಳೆಬಿಸಿಲಿನಲ್ಲಿ ಒಂದು ಬೆರಳು ದಪ್ಪಕ್ಕೆ ಹರಡಿ ಎರಡು ಮೂರು ಗಂಟೆ, ಹೀಗೆ ಎರಡು ದಿನ ಸಾಕು. ಒಣಗಿಸಿದ ಅಕ್ಕಿಯನ್ನು ಬಿಸಿ ಇರುವಾಗಲೇ ತುಂಬುವುದು ತುಂಬ ಕಡೆ ಕಾಣುವ ತಪ್ಪು. ರಾತ್ರಿ ಡಬ್ಬಿ ತಣ್ಣಗಾದಾಗ ಒಳಗಿನ ಆವಿ ಮುಚ್ಚಳದ ಕೆಳಗೆ ಹನಿಗಟ್ಟಿ ಮೇಲಿನ ಪದರದ ಮೇಲೆ ಬೀಳುತ್ತದೆ. ಬೂಷ್ಟು ಮೊದಲು ಹಿಡಿಯುವುದು ಅಲ್ಲೇ. ಸಂಜೆವರೆಗೆ ಒಳಗೆ ಆರಲು ಬಿಟ್ಟು, ಕೈಗೆ ತಣ್ಣಗೆ ತಾಗಿದ ಮೇಲೆ ತುಂಬಬೇಕು.

ಇನ್ನು ಹುಳು. ಅಕ್ಕಿಯ ಮೂತಿಹುಳು ಕಾಳಿಗೆ ತೂತು ಕೊರೆದು ಒಳಗೆ ಮೊಟ್ಟೆಯಿಟ್ಟು ತೂತನ್ನು ಅಂಟಿನಿಂದ ಮುಚ್ಚಿಬಿಡುತ್ತದೆ. ಮೊರದಲ್ಲಿ ಎಷ್ಟೇ ಕೇರಿದರೂ ಅದು ಕಣ್ಣಿಗೆ ಬೀಳುವುದಿಲ್ಲ. ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಲ್ಲಿ ಹೊಸ ಹುಳು ಕಾಳು ಒಡೆದು ಹೊರಬರುತ್ತದೆ. ಬೇವಿನ ಎಲೆ, ಒಣಮೆಣಸು, ಲವಂಗ ಇವೆಲ್ಲ ಹೊರಗಿನ ಹುಳುವನ್ನು ಸ್ವಲ್ಪ ದೂರವಿಡಬಹುದು, ಕಾಳಿನೊಳಗಿನ ಮೊಟ್ಟೆಯನ್ನು ಏನೂ ಮಾಡಲಾರವು. ಡ್ರಮ್ಮಿನೊಳಗೆ ದೀಪವನ್ನೋ ಕರ್ಪೂರವನ್ನೋ ಹಚ್ಚಿ ಮುಚ್ಚುವ ಪದ್ಧತಿಯೂ ಕೆಲವು ಕಡೆ ಇದೆ. ಗಾಳಿಯಲ್ಲಿ ಆಮ್ಲಜನಕ ಶೇ 16ರ ಸುತ್ತ ಇಳಿದಾಗಲೇ ದೀಪ ಆರುತ್ತದೆ. ಹುಳುವಿಗೆ ಅಷ್ಟು ಆಮ್ಲಜನಕ ಧಾರಾಳ. ಸಾಲದ್ದಕ್ಕೆ ದೀಪ ಉರಿದಾಗ ಹುಟ್ಟುವ ನೀರಾವಿ ಒಳಗೇ ಉಳಿಯುತ್ತದೆ.

ಕೆಲಸ ಮಾಡುವ ಉಪಾಯಗಳು ಬೇರೆ ಇವೆ. ಮೊದಲನೆಯದು, ಗಾಳಿಯಾಡದ ಡಬ್ಬಿಯನ್ನು ಬಾಯಿಮಟ್ಟ ತುಂಬುವುದು. ನಡುನಡುವೆ ನೆಲಕ್ಕೆ ಮೆಲ್ಲನೆ ಕುಟ್ಟಿ ಕಾಳು ಇಳಿಸಿ ಮತ್ತೆ ತುಂಬಿದರೆ ಒಳಗೆ ಉಳಿಯುವ ಗಾಳಿ ಕಡಿಮೆ. ಇದ್ದ ಹುಳು ಆ ಆಮ್ಲಜನಕವನ್ನು ತಾನೇ ಮುಗಿಸಿ ಬೆಳವಣಿಗೆ ನಿಲ್ಲಿಸುತ್ತದೆ. ಅರ್ಧ ತುಂಬಿದ ಡಬ್ಬಿಯಲ್ಲಿ ಇದು ನಡೆಯದು. ಖರ್ಚಿಗೆ ಅಡ್ಡಿಯಿಲ್ಲದಿದ್ದರೆ ಆಮ್ಲಜನಕ ಹೀರುವ ಕಬ್ಬಿಣದ ಪುಡಿಯ ಪೊಟ್ಟಣ ಸಿಗುತ್ತದೆ: 5 ಲೀಟರಿನ ಡಬ್ಬಿಗೆ 500 ಸಿಸಿ ಅಳತೆಯದು ಒಂದು, 20 ಲೀಟರಿನದಕ್ಕೆ 2,000 ಸಿಸಿ. ಪೊಟ್ಟಣಗಳ ಮೂಲ ಚೀಲ ಒಡೆದ ಮೇಲೆ ಕಾಲು ಗಂಟೆಯೊಳಗೆ ಎಲ್ಲ ಡಬ್ಬಿ ಮುಚ್ಚಿ ಮುಗಿಸಿ, ಇಲ್ಲದಿದ್ದರೆ ಹೊರಗಿನ ಗಾಳಿಯನ್ನೇ ಹೀರಿ ಮುಗಿದುಹೋಗುತ್ತವೆ. ಸಕ್ಕರೆಗೆ, ಉಪ್ಪಿಗೆ ಇದನ್ನು ಹಾಕಬೇಡಿ, ಕಲ್ಲುಗಟ್ಟುತ್ತವೆ. ತೇವವಿರುವ ಯಾವ ಪದಾರ್ಥಕ್ಕೂ ಬೇಡ. ಗಾಳಿಯಿಲ್ಲದ ತೇವದಲ್ಲಿ ಪ್ರಾಣಕ್ಕೆ ಕುತ್ತು ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು.

ಎರಡನೆಯದು ಶೀತ. ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಯೂ ಸಾಯುತ್ತದೆ. ಒಮ್ಮೆಗೆ ಒಂದೆರಡು ಕಿಲೋ ಮಾತ್ರ ಸಾಧ್ಯ, ಹಾಗಾಗಿ ಕಡಲೆ, ಅಲಸಂದೆ, ರವೆಗಳಿಗೆ ಇದು ಸರಿ. ಹೊರತೆಗೆದ ಪೊಟ್ಟಣವನ್ನು ಮನೆಯ ಬಿಸುಪಿಗೆ ಬರುವ ತನಕ ಬಿಚ್ಚಬಾರದು. ಬಿಚ್ಚಿದರೆ ಕಾಳಿನ ಮೇಲೆ ನೀರು ಕೂರುತ್ತದೆ.

ಬೇಳೆಕಾಳಿಗೆ ನಮ್ಮ ಹಿರಿಯರ ಹರಳೆಣ್ಣೆ ಇಂದಿಗೂ ಒಳ್ಳೆಯ ಉಪಾಯ. ಕಿಲೋಗೆ 5 ಮಿಲಿಲೀಟರ್, ಅಂದರೆ ಒಂದು ಚಿಕ್ಕ ಚಮಚ, ಕೈಯಲ್ಲಿ ತಿಕ್ಕಿ ಪ್ರತಿ ಕಾಳಿಗೂ ಹತ್ತುವಂತೆ ಮಾಡಬೇಕು. ಕಾಳಿನ ಮೇಲಿಟ್ಟ ಮೊಟ್ಟೆಗೆ ಎಣ್ಣೆಯ ಪದರ ಉಸಿರು ಕಟ್ಟಿಸುತ್ತದೆ. ಇಡೀ ಕಾಳು ಹೆಸರು, ಅಲಸಂದೆಗಳಿಗೆ ಹುಳು ಬಲು ಬೇಗ. ಒಡೆದ ತೊಗರಿಬೇಳೆ ಅವಕ್ಕಿಂತ ಹೆಚ್ಚು ತಾಳುತ್ತದೆ. ಜಾಗ ಕಡಿಮೆಯಿದ್ದರೆ ಬೇಳೆಯನ್ನೇ ಹೆಚ್ಚು ಇಡಿ.

ಒಂದು ಎಚ್ಚರಿಕೆ. ಗೋದಾಮುಗಳಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮನೆಯ ಅಕ್ಕಿಗೆ ಹಾಕುವವರಿದ್ದಾರೆ. ತೇವದ ಗಾಳಿ ಸೋಕಿದರೆ ಅದು ಫಾಸ್ಫಿನ್ ಎಂಬ ವಿಷಾನಿಲ ಬಿಡುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಂತೂ ಬೇಗ ಬೇಗ. ಮುಚ್ಚಿದ ಕೋಣೆಯಲ್ಲಿ ಮಲಗಿದವರು ಏಳುವುದಿಲ್ಲ, ಅದಕ್ಕೆ ಪ್ರತ್ಯೌಷಧವೂ ಇಲ್ಲ. ಪಾದರಸದ ಗುಳಿಗೆಯೂ ಮನೆಯೊಳಗೆ ಬರಕೂಡದು.

ಈಗ ಅಳತೆ. ಪಂಚಾಂಗದ ಮಳೆ ನಕ್ಷತ್ರ ಒಂದೊಂದೂ ಹದಿಮೂರು ಹದಿನಾಲ್ಕು ದಿನ. ಮಲೆನಾಡಿಗೆ ಇದಕ್ಕಿಂತ ಒಳ್ಳೆಯ ಲೆಕ್ಕಪುಸ್ತಕ ಬೇಕಿಲ್ಲ: ಒಂದು ಮಳೆಗೆ ಒಂದು ಕಟ್ಟು ದಿನಸಿ. ನಾಲ್ಕು ಜನರ ಮನೆಗೆ ಒಂದು ಕಟ್ಟು ಎಂದರೆ ಅಕ್ಕಿ 16ರಿಂದ 17 ಕಿಲೋ, ತೊಗರಿಬೇಳೆ 2 ಕಿಲೋ, ಇತರ ಕಾಳು ಒಂದೂವರೆ, ಅವಲಕ್ಕಿ 2, ಕಡಲೆಬೀಜ ಒಂದೂವರೆ, ಬೆಲ್ಲ ಒಂದೂವರೆ, ಅಡುಗೆ ಎಣ್ಣೆ ಒಂದೂವರೆ ಲೀಟರ್, ಹಾಲಿನ ಪುಡಿ ಮತ್ತು ಉಪ್ಪು ಅರ್ಧರ್ಧ ಕಿಲೋ, ಸಾರಿನ ಪುಡಿ ಮತ್ತು ಹುಣಸೆ ಕಾಲು ಕಾಲು ಕಿಲೋ. ಇದು ತಲೆಗೆ ದಿನಕ್ಕೆ ಸುಮಾರು 1,900 ಕ್ಯಾಲೊರಿ. ತೋಟ ಗದ್ದೆಯಲ್ಲಿ ಮೈಮುರಿದು ದುಡಿಯುವವರಿಗೆ ದಿನಕ್ಕೆ ತಲಾ 100 ಗ್ರಾಂ ಅಕ್ಕಿ ಹೆಚ್ಚಿಗೆ ಹಿಡಿಯಿರಿ. ಶಿವಮೊಗ್ಗ, ಸಾಗರದಂಥ ಪೇಟೆಯಲ್ಲಿ ಎರಡು ಕಟ್ಟು ಸಾಕು. ಘಾಟಿಯ ಅಂಚಿನ ಊರುಗಳಿಗೆ, ಕಾಲುಸಂಕ ದಾಟಿ ಹೋಗಬೇಕಾದ ಒಂಟಿಮನೆಗಳಿಗೆ ಐದು ಬೇಕು. ಶರಾವತಿ ಹಿನ್ನೀರಿನ ಆಚೆಯ ಜನ 2025ರ ಜುಲೈನಲ್ಲಿ ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಲಾಂಚನ್ನೇ ನಂಬಿದ್ದರು. ಸೇತುವೆ ಬಂದರೂ ಆ ಕಡೆಯ ಒಳರಸ್ತೆಗಳ ಮೇಲೆ ಮರ ಬೀಳುವುದು, ಮಣ್ಣು ಕುಸಿಯುವುದು ನಿಂತಿಲ್ಲ. ಅಲ್ಲಿ ಐದು ಕಟ್ಟಿನ ಪದ್ಧತಿ ಬಿಡುವ ಕಾಲ ಇನ್ನೂ ಬಂದಿಲ್ಲ.

ಒಮ್ಮೆಲೇ ಇಷ್ಟು ಕೊಳ್ಳಲು ಕೈ ಸಾಗದವರು ದೀಪಾವಳಿ ಮುಗಿದ ಮೇಲೆ ತಿಂಗಳಿಗೆ ಸ್ವಲ್ಪ ಸ್ವಲ್ಪ ಕೂಡಿಸುತ್ತಾ ಬರಲಿ. ತುಂಬಿ ಮುಚ್ಚುವುದನ್ನು ಮಾತ್ರ ಶಿವರಾತ್ರಿಯ ಬಿಸಿಲಿಗೆ ಇಟ್ಟುಕೊಳ್ಳಲಿ.

ಡಬ್ಬಿ ಚಿಕ್ಕದಿರಬೇಕು. ಇದು ಎಲ್ಲಕ್ಕಿಂತ ಮುಖ್ಯ ಎಂದು ನಾವು ತಿಳಿದಿದ್ದೇವೆ. 50 ಕಿಲೋ ಹಿಡಿಯುವ ಡ್ರಮ್ಮಿನ ಮುಚ್ಚಳವನ್ನು ದಿನಕ್ಕೆ ಎರಡು ಸಲ ತೆಗೆದರೆ ಎರಡು ಸಲವೂ ಹಸಿಗಾಳಿ ಒಳಗೆ ಹೋಗುತ್ತದೆ, ತಳದ ಅಕ್ಕಿ ಮೇಲೆ ಬರುವಷ್ಟರಲ್ಲಿ ಸುಮಾರು ಒಂದೂವರೆ ತಿಂಗಳು ಕಳೆದಿರುತ್ತದೆ. 5 ಲೀಟರಿನ ಡಬ್ಬಿಯಲ್ಲಿ 4 ಕಿಲೋ ಅಕ್ಕಿ ಹಿಡಿಯುತ್ತದೆ, ನಾಲ್ಕು ಜನರಿಗೆ ಮೂರೂವರೆ ದಿನ. ತೆರೆದದ್ದು ತಂಡಿ ಹಿಡಿಯುವ ಮೊದಲೇ ಮುಗಿಯುತ್ತದೆ, ಒಂದರಲ್ಲಿ ಹುಳು ಬಂದರೂ ಉಳಿದವು ಕ್ಷೇಮ. ಒಂದು ಕಟ್ಟಿಗೆ ಇಂಥ ನಾಲ್ಕು ಡಬ್ಬಿ. ತಿರುಪಿನ ಮುಚ್ಚಳದ 2 ಲೀಟರಿನ ತಂಪುಪಾನೀಯ ಬಾಟಲಿಯಲ್ಲಿ ಒಂದೂವರೆ ಕಿಲೋಗೂ ಹೆಚ್ಚು ಕಾಳು ಹಿಡಿಯುತ್ತದೆ. ತೊಳೆದು, ತಲೆಕೆಳಗೆ ಮಾಡಿ ಎರಡು ದಿನ ಒಣಗಿಸಿದರೆ ಬೇಳೆಗೆ ಅದೇ ಸಾಕು. ಅಡುಗೆ ಎಣ್ಣೆಯ ಖಾಲಿ ಕ್ಯಾನು ಬೇಡ, ಎಷ್ಟು ತೊಳೆದರೂ ಉಳಿಯುವ ಜಿಡ್ಡು ಕಮಟು ವಾಸನೆ ತರುತ್ತದೆ. ಮೈಲುತುತ್ತದ ಡ್ರಮ್ಮು, ಕೀಟನಾಶಕದ ಕ್ಯಾನು, ಬಣ್ಣದ ಬಕೆಟ್ಟು ಯಾವ ಕಾರಣಕ್ಕೂ ಬೇಡ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಸಾಮಾನು ಮೇ ತಿಂಗಳಲ್ಲಿ ಮನೆ ಸೇರುತ್ತದಲ್ಲ, ದಿನಸಿ ಇಟ್ಟ ಕೋಣೆಗೆ ಅದು ಕಾಲಿಡದಿರಲಿ.

ಪ್ಲಾಸ್ಟಿಕ್ಕನ್ನು ಇಲಿ ಕಡಿಯುತ್ತದೆ. ಆದ್ದರಿಂದ ಈ ಡಬ್ಬಿಗಳನ್ನೆಲ್ಲ ತಗಡಿನ ಪೆಟ್ಟಿಗೆಯಲ್ಲೋ ಹಳೆಯ ಮರದ ಪತ್ತಾಯದಲ್ಲೋ ಕೂರಿಸಿ. ನೆಲಕ್ಕೆ ತಾಗದಂತೆ ಒಂದು ಅಡಿ ಎತ್ತರದ ಹಲಗೆ ಬೇಕು, ಗೋಡೆಯಿಂದ ಒಂದು ಗೇಣು ದೂರ. ಮಳೆಗಾಲದಲ್ಲಿ ಮಣ್ಣಿನ ಗೋಡೆಯೂ ಜಂಬಿಟ್ಟಿಗೆಯ ಗೋಡೆಯೂ ಬೆವರುತ್ತವೆ. ಶಿವಮೊಗ್ಗದಲ್ಲಿ 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ನೆನಪಿರಬೇಕು, ಅಂಥ ಕಡೆ ಅಟ್ಟದ ಮೇಲೋ ಮಹಡಿಯಲ್ಲೋ ಇಡಿ. ಸೌದೆ ಒಲೆ ಇನ್ನೂ ಉರಿಯುವ ಮನೆಯಾದರೆ ಒಲೆಯ ಮೇಲಿನ ಅಟ್ಟದಷ್ಟು ಒಣಗಿದ ಜಾಗ ಊರಿನಲ್ಲಿ ಇನ್ನೊಂದಿಲ್ಲ. ಎಣ್ಣೆಯನ್ನು ಮಾತ್ರ ಅಲ್ಲಿಡಬೇಡಿ.

ತಿರುಗಿಸುವ ವಿಚಾರಕ್ಕೆ ಬರುತ್ತೇವೆ. 'ಹಳೆಯದನ್ನು ಮೊದಲು ತಿನ್ನಿ, ಹೊಸದನ್ನು ಹಿಂದಿಡಿ' ಎಂಬುದು ಎಲ್ಲೆಡೆ ಕೇಳುವ ಸೂತ್ರ. ಬಿಸಿಲುಗಾಲಕ್ಕೆ ಅದು ಸರಿ. ಮಳೆಗಾಲದಲ್ಲಿ ನಮ್ಮಲ್ಲಿ ಅದನ್ನು ತಿರುಗಿಸಿಕೊಳ್ಳಬೇಕು. ಜುಲೈನಲ್ಲಿ ಅಂಗಡಿಯಿಂದ ತಂದ ಅಕ್ಕಿ ಹಸಿಯಾಗಿ ಬಂದದ್ದು, ಅದು ಕಾಯುವುದಿಲ್ಲ, ಅದನ್ನೇ ಮೊದಲು ತಿನ್ನಿ. ಮಾರ್ಚಿನಲ್ಲಿ ಒಣಗಿಸಿ ಮುಚ್ಚಿದ್ದು ಕಾಯುತ್ತದೆ. ಅದನ್ನು ಒಡೆದು ತಿಂದು ಆ ಜಾಗಕ್ಕೆ ಜುಲೈ ಅಕ್ಕಿ ತುಂಬಿಟ್ಟವರ ದಾಸ್ತಾನೇ ಗಣೇಶ ಚತುರ್ಥಿಯ ಹೊತ್ತಿಗೆ ಮುಗ್ಗಲು ಹಿಡಿಯುವುದು.

ಐದು ಕಟ್ಟಿನ ಮನೆಯವರು ಹೀಗೆ ಮಾಡಬಹುದು. ಡಬ್ಬಿಗಳ ಮೇಲೆ ತುಂಬಿದ ತಿಂಗಳು ಮತ್ತು ಮಳೆಯ ಹೆಸರು ಬರೆದಿರಲಿ. ಜೂನ್ 22ರ ಸುಮಾರಿಗೆ ಹುಟ್ಟುವ ಆರಿದ್ರಾ, ಆಮೇಲೆ ಪುನರ್ವಸು, ಪುಷ್ಯ, ಈ ಮೂರಕ್ಕೆ ಮೂರು ಕಟ್ಟು ತೆರೆದು ದಿನದ ಊಟಕ್ಕೇ ಬಳಸಿ. ಆಶ್ಲೇಷದಿಂದ ಪೇಟೆಯ ಅಕ್ಕಿ ತಂದು ಹದಿನೈದು ದಿನಕ್ಕೊಮ್ಮೆ ಮುಗಿಸುತ್ತಾ ಹೋಗಿ. ಉಳಿದ ಎರಡು ಕಟ್ಟು, ಅಂದರೆ ನಾಲ್ಕು ವಾರದ ಊಟ, ರಸ್ತೆ ನಿಜಕ್ಕೂ ಕಟ್ಟಾದ ಹೊರತು ಮುಚ್ಚಿಯೇ ಇರಲಿ. ಹಸ್ತಾ ಮಳೆ ಮುಗಿದು ಬಿಸಿಲು ಕಾಣಿಸಿದಾಗ ಅವನ್ನು ತೆರೆದು ನವರಾತ್ರಿಯಿಂದ ದೀಪಾವಳಿಯೊಳಗೆ ತಿಂದು ಮುಗಿಸಿ. ಡಬ್ಬಿ ತೊಳೆದು ಬಿಸಿಲಿಗಿಟ್ಟರೆ ಹೊಸ ಫಸಲಿನ ಹೊತ್ತಿಗೆ ಸಿದ್ಧ. ಎರಡೇ ಕಟ್ಟಿನವರು ಎರಡನ್ನೂ ಹಸ್ತಾ ತನಕ ಕಾಯ್ದಿಡಬೇಕು. ತಿಂಗಳಿಗೊಮ್ಮೆ ಡಬ್ಬಿಯನ್ನು ತೆರೆಯದೆ ಹೊರಗಿನಿಂದ ನೋಡಿ: ಒಳಮೈಯಲ್ಲಿ ಹಿಟ್ಟಿನ ಪುಡಿ ಕಂಡರೆ ಹುಳು, ಹನಿ ಕಂಡರೆ ತೇವ. ಆ ಡಬ್ಬಿಯನ್ನು ಅಂದೇ ಅಡುಗೆಮನೆಗೆ ತಂದುಬಿಡಿ. ಬೂಷ್ಟು ಕಂಡರೆ ಅದೂ ಬೇಡ, ಹೊರಗೆ ಹೂಳಿ.

ಎಲ್ಲ ಪದಾರ್ಥಕ್ಕೂ ಒಂದೇ ಆಯುಸ್ಸಿಲ್ಲ. ಭತ್ತ ಎಲ್ಲಕ್ಕಿಂತ ಹೆಚ್ಚು ತಾಳುತ್ತದೆ, ಹೊಟ್ಟೇ ಅದರ ಕವಚ. ಕಣಜ ಇರುವವರು ಭತ್ತವನ್ನೇ ಇಟ್ಟು ಬೇಕಾದಷ್ಟು ಗಿರಣಿ ಮಾಡಿಸಲಿ. 100 ಕಿಲೋ ಭತ್ತಕ್ಕೆ ಸುಮಾರು 65 ಕಿಲೋ ಅಕ್ಕಿ. ಕರೆಂಟು ಹೋದರೆ ಗಿರಣಿ ನಡೆಯದು, ಆದ್ದರಿಂದ ಎರಡು ಕಟ್ಟಾದರೂ ಅಕ್ಕಿಯಾಗಿಯೇ ಇರಲಿ. ತೌಡು ತೆಗೆಯದ ಕೆಂಪಕ್ಕಿ ಆರು ತಿಂಗಳಲ್ಲಿ ಕಮಟು ಹಿಡಿಯುತ್ತದೆ, ಅದು ದಿನದ ಊಟಕ್ಕಿರಲಿ. ರಾಗಿಯನ್ನು ಕಾಳಾಗಿಯೇ ಇಟ್ಟರೆ ವರ್ಷಗಟ್ಟಲೆ ಇರುತ್ತದೆ, ಹಿಟ್ಟು ಮಾಡಿಸಿದರೆ ಎರಡು ತಿಂಗಳು. ಅಚ್ಚುಬೆಲ್ಲ ಮಳೆಗಾಲದಲ್ಲಿ ನೀರೊಡೆಯುತ್ತದೆ; ಭರಣಿಯಲ್ಲಿಟ್ಟ ಜೋನಿಬೆಲ್ಲ ವಾಸಿ, ಒಣಗಿದ ಸೌಟು ಹಾಕಿದರೆ ಸರಿ, ಒಂದು ಹನಿ ನೀರು ಬಿದ್ದರೆ ನೊರೆಯೆದ್ದು ಹುಳಿಯುತ್ತದೆ. ಉಪ್ಪಿನಲ್ಲಿಟ್ಟ ಮಿಡಿ, ಉಪ್ಪುಸೊಳೆ, ಹಪ್ಪಳ, ಬಾಳಕ, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿಯ ಬಗ್ಗೆ ಮಲೆನಾಡಿನ ಹೆಂಗಸರಿಗೆ ಹೇಳಿಕೊಡುವಷ್ಟು ತಿಳಿದವರು ನಾವಲ್ಲ. ಫ್ರಿಜ್ಜಿನಲ್ಲಿರುವುದನ್ನು ಮಾತ್ರ ದಾಸ್ತಾನಿನ ಲೆಕ್ಕಕ್ಕೆ ಹಿಡಿಯಬೇಡಿ, ಕಂಬ ಉರುಳಿದರೆ ಅದರ ಆಯುಸ್ಸು ಗಂಟೆಗಳಲ್ಲಿ.

ಕಡಲೆಬೀಜ, ಕೊಬ್ಬರಿ, ಜೋಳಕ್ಕೆ ಹಿಡಿಯುವ ಹಸಿರು-ಹಳದಿ ಬೂಷ್ಟಿನ ಬಗ್ಗೆ ಹೆಚ್ಚು ಎಚ್ಚರ ಬೇಕು. ಅದು ಬಿಡುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ, ತೊಳೆದರೂ ಬೇಯಿಸಿದರೂ ಹೋಗುವುದಿಲ್ಲ. 'ದನಕ್ಕಾದರೂ ಹಾಕೋಣ' ಎನ್ನುತ್ತಾರೆ. ಹಾಕಿದರೆ ಹಾಲಿನಲ್ಲಿ ಅದೇ ವಿಷ ಮನೆಗೆ ಮರಳುತ್ತದೆ. ಬರಿಯ ಮೂತಿಹುಳು ಬಿದ್ದ ಅಕ್ಕಿಗೆ ಹೀಗೆ ಹೆದರಬೇಕಿಲ್ಲ, ಜರಡಿ ಹಿಡಿದು, ಬಿಸಿಲು ತೋರಿಸಿ ಆ ವಾರವೇ ಬಳಸಿಬಿಡಿ.

ನೀರನ್ನು ಮೂರು ದಿನಕ್ಕಾಗುವಷ್ಟು, ನಾಲ್ಕು ಜನಕ್ಕೆ 50 ಲೀಟರ್, ತುಂಬಿಟ್ಟರೆ ಸಾಕು. ಆಮೇಲೆ ಬಾವಿಯದ್ದನ್ನೋ ಸೂರಿನದ್ದನ್ನೋ ಬಟ್ಟೆಯಲ್ಲಿ ಸೋಸಿ, ಕೊತಕೊತನೆ ಒಂದು ನಿಮಿಷ ಕುದಿಸಿ ಕುಡಿಯಬಹುದು. ಅದಕ್ಕೆ ಉರುವಲು ಬೇಕು: ತುಂಬಿದ ಇನ್ನೊಂದು ಸಿಲಿಂಡರ್, ಇಲ್ಲವೇ ಮಾಡಿನ ಕೆಳಗೆ ಒಣಸೌದೆ.

ಕೊನೆಯದಾಗಿ ಎರಡು ಬೇಡಿಕೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ, ಮಳೆಗಾಲವನ್ನು ಮುಂದಿಟ್ಟುಕೊಂಡು ಆಗಸ್ಟ್‌ವರೆಗಿನ ಪಡಿತರವನ್ನು ಮುಂಗಡವಾಗಿ ಎತ್ತಿ ಹಂಚುವಂತೆ ರಾಜ್ಯಗಳಿಗೆ ಸೂಚಿಸಿತ್ತು. ಆಲೋಚನೆ ಒಳ್ಳೆಯದು. ಮೂರು ತಿಂಗಳ ಅಕ್ಕಿ ಒಟ್ಟಿಗೆ ಗೋಣಿಯಲ್ಲಿ ಮನೆಗೆ ಬಂದು ಮೂಲೆಯಲ್ಲಿ ಕುಳಿತರೆ ಮಾತ್ರ ಅರ್ಧ ಹುಳುವಿನ ಪಾಲು. ಮುಂಗಡ ಹಂಚುವುದಾದರೆ ಮಲೆನಾಡಿನ ತಾಲ್ಲೂಕುಗಳಿಗೆ ಮಾರ್ಚಿನಲ್ಲೇ ಹಂಚಲಿ, ಇಡುವ ಕ್ರಮವನ್ನು ಒಂದು ಪುಟದಲ್ಲಿ ಅಚ್ಚು ಹಾಕಿ ನ್ಯಾಯಬೆಲೆ ಅಂಗಡಿಯಲ್ಲಿ ಕೊಡಲಿ. ಆ ಪುಟದಲ್ಲಿ ಸಾರವರ್ಧಿತ ಅಕ್ಕಿಯ ಬಗ್ಗೆಯೂ ಎರಡು ಸಾಲು ಇರಲಿ: ನೂರು ಕಾಳಿಗೆ ಒಂದರಂತೆ ಬೆರೆಸಿದ ಆ ಕಾಳುಗಳಲ್ಲಿ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಇವೆ. ಪ್ಲಾಸ್ಟಿಕ್ ಅಕ್ಕಿ ಎಂದು ಇಂದಿಗೂ ಆರಿಸಿ ಎಸೆಯುವವರಿದ್ದಾರೆ.

ಎರಡನೆಯದು ನಮ್ಮ ಸೇವಾ ಸಹಕಾರ ಸಂಘಗಳಿಗೆ. ಸಂಘಕ್ಕೊಂದು ಧಾನ್ಯದ ತೇವಮಾಪಕ ತಂದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೌಂಟರಿನ ಮೇಲಿಟ್ಟರೆ ಸಾಕು. ಒಂದು ಹಿಡಿ ಅಕ್ಕಿ ತಂದವರಿಗೆ ಅದು ಇಡಲು ಒಣಗಿದೆಯೋ ಇಲ್ಲವೋ ನಿಮಿಷದಲ್ಲಿ ತಿಳಿಯುತ್ತದೆ. ತಮ್ಮ ಪತ್ರಿಕೆಯೂ ಈ ವಿಷಯವನ್ನು ಘಾಟಿ ಬಂದ್ ಆದ ದಿನ ಬರೆಯುವ ಬದಲು ಈಗಲೇ, ಬಿಸಿಲಿರುವಾಗಲೇ ಪ್ರಕಟಿಸಬೇಕೆಂದು ಕೋರುತ್ತೇವೆ.

ಇಂತಿ,
ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕಿನ ಕೆಲವು ಓದುಗರು